ಕಾಳಿಂಗ ಹೆಡೆ ಬಿಚ್ಚೋದು ಸಿಟ್ಟಿಗಲ್ಲ, ಭಯಕ್ಕೆ

ಅನಿಮೇಷನ್ ಸರಣಿಗೆ, ಬಾಲಕೃಷ್ಣ ಹೆಡೆ ಮೇಲೆ ಕುಣಿದ ಆ ಹಾವು ಕಾಳಿಂಗನನ್ನು ಬಿಡಿಸಬೇಕು ಅಂದಾಗ ನಮ್ಮಲ್ಲಿ ಮೊದಲು ಏಳುವ ಪ್ರಶ್ನೆ, ತಲೆ ಎಷ್ಟು? ಭಾಗವತದ ದಶಮ ಸ್ಕಂಧದಲ್ಲಿ 101. ಅಷ್ಟು ಹೆಡೆಗೂ 3ಡಿಯಲ್ಲಿ ರಿಗ್ ಮಾಡಿ, ಅಂದರೆ ಆಡಿಸೋಕೆ ಒಳಗೊಂದು ಅಸ್ಥಿಪಂಜರ ಕೂರಿಸಿ, ಒಂದರೊಳಗೊಂದು ತೂರದ ಹಾಗೆ ಆಡಿಸೋದು ಟೀವಿ ಬಜೆಟ್ಟಿನಲ್ಲಿ ಆಗದ ಮಾತು. ಐದಕ್ಕೆ ಇಳಿಸುತ್ತೇವೆ. ಇದರಲ್ಲಿ ಅಪಚಾರ ಏನೂ ಇಲ್ಲ. ಚೋಳರ ಕಾಲದ ಕಂಚಿನ ಮೂರ್ತಿಗಳಲ್ಲೂ ಹೆಡೆ ಬೆರಳೆಣಿಕೆಯಷ್ಟೇ. ಆ ಶಿಲ್ಪಿಗಳು ಇನ್ನೂ ಒಂದು ಜಾಣತನ ಮಾಡಿದ್ದಾರೆ. ಹೆಡೆಯ ಕೆಳಗೆ ಕೈ ಮುಗಿದ ಮನುಷ್ಯನ ಮೈ ಇಟ್ಟಿದ್ದಾರೆ. ಹಾವಿಗೆ ಹುಬ್ಬಿಲ್ಲ, ತುಟಿಯಿಲ್ಲ, ಭಾವ ತೋರಿಸೋಕೆ ಏನಾದರೂ ಬೇಕಲ್ವಾ?

ಯಾವ ಭಾವ ಅನ್ನೋದೇ ನಿಜವಾದ ಪ್ರಶ್ನೆ. 2009ರಲ್ಲಿ ನಿಕಲೋಡಿಯನ್‌ನಲ್ಲಿ ಬಂದ ‘ಲಿಟ್ಲ್ ಕೃಷ್ಣ’ ನೆನಪಿರಬಹುದು. ಬಿಗ್ ಅನಿಮೇಷನ್ ಜೊತೆ ಬೆಂಗಳೂರು ಇಸ್ಕಾನ್‌ನ ಇಂಡಿಯನ್ ಹೆರಿಟೇಜ್ ಫೌಂಡೇಶನ್ ಸೇರಿ ಮಾಡಿದ 13 ಕಂತು, ಅದರಲ್ಲಿ ಕಾಳಿಂಗನಿಗೂ ಒಂದು. ಇಂಥ ಸರಣಿಗಳಲ್ಲಿ ಕಂತಿಗೊಬ್ಬ ಖಳ. ಅರ್ಧ ಗಂಟೆಯಲ್ಲಿ ಜಾಹೀರಾತು ಕಳೆದರೆ ಉಳಿಯೋದು ಸುಮಾರು 22 ನಿಮಿಷ. ಅಷ್ಟರಲ್ಲಿ ಖಳನ ಹಿಂದಿನ ಕಥೆ ಹೇಳೋಕೆ ಜಾಗ ಎಲ್ಲಿ ಅಂತ ಬರೆಯುವವರು ಅದನ್ನೇ ಮೊದಲು ಕತ್ತರಿಸುತ್ತಾರೆ.

ಆದರೆ ಕಾಳಿಂಗನ ಹಿಂದಿನ ಕಥೆಯೇ ಅವನ ಪಾತ್ರ. ಅವನ ಊರು ರಮಣಕ ದ್ವೀಪ. ಗರುಡನಿಗೆ ಸಲ್ಲಬೇಕಿದ್ದ ಬಲಿಯನ್ನು ಸೊಕ್ಕಿನಿಂದ ತಾನೇ ತಿಂದ, ಜಗಳಕ್ಕೆ ನಿಂತ, ಪೆಟ್ಟು ತಿಂದು ಓಡಿಬಂದ. ಸೌಭರಿ ಋಷಿಯ ಶಾಪದಿಂದ ಗರುಡ ಯಮುನೆಯ ಆ ಒಂದು ಮಡುವಿಗೆ ಮಾತ್ರ ಬರುವ ಹಾಗಿರಲಿಲ್ಲ, ಹಾಗಾಗಿ ಅಲ್ಲಿ ಸೇರಿಕೊಂಡ. ಅಂದರೆ ಇಡೀ ನದಿಗೆ ವಿಷ ಹಿಡಿಸಿದವನು, ಮೇಲೆ ಹಾರುವ ಹಕ್ಕಿ ಸತ್ತು ಬೀಳುವ ಹಾಗೆ ಮಾಡಿದವನು, ತಾನೇ ಜೀವಭಯದಲ್ಲಿ ಅಡಗಿ ಕೂತವನು!

ಇದು ಚಿತ್ರ ಬಿಡಿಸುವವರಿಗೆ ನೇರವಾಗಿ ಉಪಯೋಗಕ್ಕೆ ಬರುತ್ತದೆ. ನಾಗರಹಾವು ಹೆಡೆ ಬಿಚ್ಚೋದು ಹೆದರಿದಾಗ. ಕತ್ತಿನ ಪಕ್ಕೆಲುಬು ಅಗಲಿಸಿ ‘ನಾನು ದೊಡ್ಡವನು, ದೂರ ಇರು’ ಅಂತ ತೋರಿಸುತ್ತದೆ. ಹಾಗಾಗಿ ಸುಮ್ನೆ ಪ್ರತಿ ಫ್ರೇಮಿನಲ್ಲೂ ಹೆಡೆ ಬಿಚ್ಚಿಸಿ ಹಲ್ಲು ತೋರಿಸಬೇಡಿ ಅಂತ ನಾನು ಹೊಸ ಹುಡುಗರಿಗೆ ಹೇಳುತ್ತೇನೆ. ಮೊದಲರ್ಧ ಅವನು ಕಾಣಿಸುವುದೇ ಬೇಡ. ದಡದ ಮರಗಳ ಬಣ್ಣ ಸಾಯಲಿ, ಒಂದು ಕದಂಬ ಮಾತ್ರ ಹಸಿರಾಗಿರಲಿ. ಕೃಷ್ಣ ಅಲ್ಲಿಂದಲೇ ಧುಮುಕಬೇಕಲ್ಲ. ಹೆಡೆ ಪೂರ್ತಿ ಬಿಚ್ಚುವುದು, ಈ ಪುಟ್ಟ ಹುಡುಗ ತನಗೆ ಹೆದರುತ್ತಿಲ್ಲ ಅಂತ ಕಾಳಿಂಗನಿಗೆ ಗೊತ್ತಾದ ಕ್ಷಣದಲ್ಲಿ. ಆಗ ಟೀವಿ ನೋಡುವ ಮಗುವಿಗೆ ಕಾಳಿಂಗನ ಕಣ್ಣಲ್ಲಿ ಗಾಬರಿ ಕಾಣುತ್ತದೆ.

ಕೊನೆಗೆ ಅವನು ಸಾಯುವುದೂ ಇಲ್ಲ. ಹೆಂಡತಿಯರು ಬೇಡಿಕೊಳ್ಳುತ್ತಾರೆ. ಆಮೇಲೆ ಕಾಳಿಂಗ ತಾನೇ ಬಾಯಿಬಿಡುತ್ತಾನೆ. ನಾವು ಹುಟ್ಟಿನಿಂದಲೇ ಕೆಟ್ಟವರು, ಸಿಟ್ಟು ನಮ್ಮ ಗುಣ, ಹಾವುಗಳನ್ನು ಹೀಗೆ ಸೃಷ್ಟಿಸಿದವನು ನೀನೇ ಅಲ್ಲವೇ, ಆ ಗುಣ ನಾವಾಗಿ ಬಿಡುವುದು ಹೇಗೆ ಅಂತ ಕೇಳುತ್ತಾನೆ. ಎಂಥ ಮಾತು! ಕೃಷ್ಣ ಅವನನ್ನು ಸಂಸಾರ ಸಮೇತ ಸಮುದ್ರಕ್ಕೆ ಕಳಿಸುತ್ತಾನೆ, ಹೆಡೆಯ ಮೇಲೆ ನನ್ನ ಹೆಜ್ಜೆ ಗುರುತಿದೆ, ಗರುಡ ಇನ್ನು ನಿನ್ನನ್ನು ಮುಟ್ಟಲ್ಲ ಅನ್ನುತ್ತಾನೆ. ಹೆಚ್ಚಿನ ಸ್ಟೋರಿಬೋರ್ಡ್‌ಗಳಲ್ಲಿ (ದೃಶ್ಯಗಳನ್ನು ಮೊದಲೇ ಬರೆದಿಡುವ ಕರಡು ಚಿತ್ರಗಳಲ್ಲಿ) ಇದಕ್ಕೆಲ್ಲ ಸಿಗೋದು ಹತ್ತು ಸೆಕೆಂಡು. ಹೊಡೆದಾಟದಿಂದ ಒಂದು ನಿಮಿಷ ತೆಗೆದು ಇಲ್ಲಿಗೆ ಕೊಡಿ ಅಂತ ಪ್ರತಿ ಸಲ ಕೇಳುತ್ತೇನೆ.