ಸುಣ್ಣ ಹಳತಾದರೆ ಸೂತ್ರವೂ ಸೋಲುತ್ತದೆ

ಮಳೆಗಾಲದ ಆಟಿ ತಿಂಗಳ ಒಂದು ಬೆಳಗ್ಗೆ ಹಿರಿಯಡ್ಕದ ಕಡೆಯ ಕೃಷಿಕರೊಬ್ಬರು ಚೀಲದ ತುಂಬ ಉದುರಿದ ಎಳೆ ಅಡಿಕೆ ತಂದು ಕೃಷಿ ವಿಜ್ಞಾನಿಗಳಾದ ನಮ್ಮ ಉಡುಪಿಯ ಕಚೇರಿಯ ಮೇಜಿನ ಮೇಲೆ ಸುರಿದರು. "ನೀವು ಹೇಳಿದ ಲೆಕ್ಕದಲ್ಲೇ ಮದ್ದು ಬಿಟ್ಟದ್ದು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಕಾಯಿ ಸುಟ್ಟದ್ದೂ ಆಯ್ತು, ಕೊಳೆರೋಗ ಬಂದದ್ದೂ ಆಯ್ತು."

ಅದು ಬೋರ್ಡೋ ದ್ರಾವಣದ ಲೆಕ್ಕ, ಸರಿಯೇ ಇತ್ತು. ಸುಣ್ಣ ಎಲ್ಲಿಯದೆಂದು ಕೇಳಿದೆ. ಹಿಂದಿನ ವರ್ಷ ಉಳಿದದ್ದು, ಹಟ್ಟಿಯ ಮೂಲೆಯಲ್ಲಿ ಬಾಯಿ ತೆರೆದ ಗೋಣಿಯಲ್ಲಿತ್ತಂತೆ. ಗಾಳಿ ಕುಡಿದ ಸುಣ್ಣ ನಿಧಾನವಾಗಿ ಕಾರ್ಬೊನೇಟ್ ಆಗುತ್ತದೆ. ತೂಕಕ್ಕೆ ಒಂದು ಕಿಲೋ ಇದ್ದರೂ ಕಸುವು ಇರುವುದಿಲ್ಲ. ಆಗ ತುತ್ತದ, ಅಂದರೆ ತಾಮ್ರದ ಸಲ್ಫೇಟಿನ, ಹುಳಿ ಪೂರ್ತಿ ಸಾಯದೆ ಎಳೆಕಾಯಿಯನ್ನು ಸುಡುತ್ತದೆ, ದ್ರಾವಣವೂ ಗೊನೆಗೆ ಸರಿಯಾಗಿ ಅಂಟದೆ ಮೊದಲ ಜಡಿಮಳೆಗೇ ತೊಳೆದುಹೋಗುತ್ತದೆ.

ಈ ಮದ್ದಿನ ಹುಟ್ಟೇ ಒಂದು ತಮಾಷೆ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕದಿಯಬಾರದೆಂದು ರಸ್ತೆ ಬದಿಯ ಬಳ್ಳಿಗಳಿಗೆ ತುತ್ತ-ಸುಣ್ಣ ಎರಚಿ ವಿಷದ ಬಣ್ಣ ಬರಿಸುತ್ತಿದ್ದರು. ಊರಿಗೆಲ್ಲ ರೋಗ ಬಂದಾಗಲೂ ಆ ಬಳ್ಳಿಗಳ ಎಲೆ ಹಸಿರಾಗಿಯೇ ಇದ್ದದ್ದು ಸಸ್ಯವಿಜ್ಞಾನಿ ಮಿಲಾರ್ಡೆಯ ಕಣ್ಣಿಗೆ ಬಿತ್ತು. ಅವರು ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದರು. ಗುಟ್ಟಾಗಿ ಇಟ್ಟುಕೊಂಡಿದ್ದರೆ? ಕಾಲು ಶತಮಾನದ ಬಳಿಕ ಮೈಸೂರು ಸಂಸ್ಥಾನದಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್, ಅಡಿಕೆಯ ಕೊಳೆರೋಗಕ್ಕೆ ಕಾರಣ ಫೈಟಾಫ್ತರಾ ಎಂಬ ಶಿಲೀಂಧ್ರದಂಥ ಸೂಕ್ಷ್ಮಜೀವಿ ಎಂದು ಗುರುತಿಸಿ ಇದೇ ದ್ರಾವಣ ಸಿಂಪಡಿಸಲು ಹೇಳಿದರು. ಅದಕ್ಕೆ ಮೊದಲು ಮಲೆನಾಡಿನವರಿಗೆ ಮಳೆ ತಾಗದಂತೆ ಗೊನೆಗೊನೆಗೆ ಕೊಟ್ಟೆ, ಅಂದರೆ ಹೊದಿಕೆ, ಕಟ್ಟುವುದೇ ದಾರಿ. ದ್ರಾಕ್ಷಿ ಕಳ್ಳರನ್ನು ಬೆದರಿಸಲು ಬೆರೆಸಿದ್ದು ಇಂದು ಕಾರ್ಕಳ, ಹೆಬ್ರಿಯ ತೋಟಗಳ ಮಳೆಗಾಲದ ಖರ್ಚಿನ ಪಟ್ಟಿಯಲ್ಲಿದೆ.

ಈ ಮದ್ದಿನಂತೆ ನಮ್ಮ ಗದ್ದೆಗಳ ಕೆಂಪಕ್ಕಿಯ ಭತ್ತ ಎಂಒ4 ಕೂಡ ಇಲ್ಲಿಯದಲ್ಲ, ಕೇರಳದ ಕುಟ್ಟನಾಡಿನ ಮಂಕೊಂಬು ಭತ್ತ ಸಂಶೋಧನಾ ಕೇಂದ್ರದ ತಳಿ. ಹೆಸರಿನ 'ಎಂಒ' ಆ ಊರಿನದೇ.

ಅಂದರೆ ಸೂತ್ರಗಳು ಸಮುದ್ರ ದಾಟಿಯಾದರೂ ಬರುತ್ತವೆ. ದಾರಿಯಲ್ಲೇ ನಿಂತುಹೋಗುವುದು ಸೋತವರ ಕತೆ. ಫಸಲು ಬಂದವನ ತೋಟಕ್ಕೆ ಬಸ್ಸು ಮಾಡಿಕೊಂಡು ಹೋಗುತ್ತೇವೆ. ಕಾಯಿ ಸುಟ್ಟವನ ತೋಟಕ್ಕೆ ಪಕ್ಕದ ಮನೆಯವನೂ ಹೋಗುವುದಿಲ್ಲ. ನಾವು ವಿಜ್ಞಾನಿಗಳೇನೂ ಕಮ್ಮಿಯಿಲ್ಲ, ಫಲ ಕೊಡದ ಪ್ರಯೋಗಗಳು ನಮ್ಮ ಕಪಾಟಿನಲ್ಲೇ ಮುದಿಯಾಗುತ್ತವೆ. ಆ ವರ್ಷ ನಾನು ಒತ್ತಾಯ ಮಾಡಿ ಹಿರಿಯಡ್ಕದವರನ್ನು ಸಭೆಯೊಂದರಲ್ಲಿ ಮಾತನಾಡಿಸಿದೆ. ಅವರು ನಾಚುತ್ತಲೇ ಗೋಣಿಯ ಸುಣ್ಣದ ಕತೆ ಹೇಳಿದರು. ಹಿಂದಿನ ಸಾಲಿನಿಂದ ಒಬ್ಬರು ಎದ್ದರು: "ನಂದೂ ಅದೇ." ಮತ್ತೊಬ್ಬರು ಬೆರೆಸಿದ್ದನ್ನು ಮಾರನೇ ದಿನಕ್ಕೆ ಇಟ್ಟು ಕೆಟ್ಟಿದ್ದರು. ಅವತ್ತೇ ಬೆರೆಸಿ ಅವತ್ತೇ ಮುಗಿಸಬೇಕೆಂದು ನಾನು ಹತ್ತು ಸಲ ಹೇಳಿದ್ದಕ್ಕಿಂತ ಆ ಒಂದು ಮಾತು ಚೆನ್ನಾಗಿ ನಾಟಿತು.

ಸುಣ್ಣ ಸಾಕಾಯಿತೇ ಎಂದು ನೋಡುವ ಪರೀಕ್ಷೆ ಸುಲಭ. ತುತ್ತವನ್ನೂ ಸುಣ್ಣವನ್ನೂ ಬೇರೆಬೇರೆ ಪ್ಲಾಸ್ಟಿಕ್ ಪಾತ್ರೆಯಲ್ಲಿ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತಾ ಕಲಕಿ. ಉಜ್ಜಿ ಹೊಳಪಾದ ಕಬ್ಬಿಣದ ಚೂರಿಯನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗಿನ ಮೇಲೆ ತಾಮ್ರದ ಕೆಂಪು ಕಂಡರೆ ಇನ್ನಷ್ಟು ಸುಣ್ಣ ಬೇಕು.

ಮುಂದಿನ ಬೇಸಗೆಯಲ್ಲಿ ಹಿರಿಯಡ್ಕದವರ ಫೋನು. "ಹೊಸ ಸುಣ್ಣ ತಂದೆ. ಚೂರಿ ಅದ್ದಿ ನೋಡಿದೆ, ಕೆಂಪು ಬರ್ಲಿಲ್ಲ. ಆದ್ರೆ ನಮ್ಮಲ್ಲಿ ಈಗ ಇರುವುದೆಲ್ಲ ಸ್ಟೀಲ್ ಚೂರಿ. ಅದಕ್ಕೆ ತಾಮ್ರ ಹಿಡಿಯುತ್ತದಾ?"

ತುಕ್ಕು ಹಿಡಿಯದ ಉಕ್ಕಿಗೆ ತಾಮ್ರವೂ ಸುಲಭಕ್ಕೆ ಹಿಡಿಯುವುದಿಲ್ಲ. ವರ್ಷಗಳಿಂದ ಹಂಚುತ್ತಿದ್ದ ನನ್ನ ಕರಪತ್ರದಲ್ಲಿ ಬರೀ 'ಚೂರಿ' ಎಂದಷ್ಟೇ ಇತ್ತು. ಸೋಗೆ ಕಡಿಯುವ ಕತ್ತಿಯ ತುದಿ ಉಜ್ಜಿ ಅದ್ದಲು ಹೇಳಿದೆ. ಅರ್ಧ ಗಂಟೆಯಲ್ಲಿ ಫೋಟೋ ಬಂತು. ತುದಿಯಲ್ಲಿ ಕೆಂಪು ಇರಲಿಲ್ಲ.