ಸ್ಕ್ರಬ್ ಟೈಫಸ್: ಜ್ವರ ಮಿದುಳು, ಕಿವಿ, ಕಣ್ಣಿಗೂ ಇಳಿದಾಗ

ವಾರ ಕಳೆದರೂ ಬಿಡದ ಜ್ವರ, ತಲೆನೋವು. ಡೆಂಗಿ ಅಲ್ಲ, ಮಲೇರಿಯಾವೂ ಅಲ್ಲ. ಅಷ್ಟರಲ್ಲಿ ರೋಗಿಗೆ ಕಿವಿ ಮಂದವಾಗುತ್ತದೆ. ಇಲ್ಲವೇ ಒಂದು ಕಣ್ಣು ಹೊರಗಡೆಗೆ ಹೊರಳದೆ ಎಲ್ಲವೂ ಎರಡೆರಡಾಗಿ ಕಾಣತೊಡಗುತ್ತದೆ. ಸ್ಕ್ರಬ್ ಟೈಫಸ್ ಹೀಗೂ ಬರುತ್ತದೆ.

ಪೊದೆ, ಹುಲ್ಲುಗಾವಲಿನ ನುಸಿಯ ಮರಿ ಕಚ್ಚಿದಾಗ 'ಓರಿಯೆಂಟಿಯಾ ತ್ಸುತ್ಸುಗಮುಶಿ' ಎಂಬ ಬ್ಯಾಕ್ಟೀರಿಯಾ ದೇಹ ಸೇರುತ್ತದೆ. ಅದು ನೆಲೆಯೂರುವುದು ರಕ್ತನಾಳಗಳ ಒಳಪದರದ ಜೀವಕೋಶಗಳಲ್ಲಿ. ನಾಳಗಳು ಉರಿಯೂತದಿಂದ ಸೋರತೊಡಗುತ್ತವೆ. ರಕ್ತನಾಳವಿಲ್ಲದ ಅಂಗ ಯಾವುದಿದೆ? ಶ್ವಾಸಕೋಶ, ಮೂತ್ರಪಿಂಡ, ಹೃದಯದ ಸ್ನಾಯು, ಮಿದುಳಿನ ಪೊರೆ ಯಾವುದೂ ಇದರಿಂದ ಹೊರತಲ್ಲ. ಮೇದೋಜೀರಕ ಗ್ರಂಥಿಯ ಉರಿಯೂತ, ಕಲ್ಲಿಲ್ಲದೆಯೂ ಊದಿಕೊಳ್ಳುವ ಪಿತ್ತಕೋಶ, ಜ್ವರ ಇಳಿದ ಮೇಲೆ ಕಾಲಿನಿಂದ ಮೇಲೇರುವ ಗಿಲಾನ್ ಬಾರೆ ಎಂಬ ನರರೋಗದ ನಿಶ್ಶಕ್ತಿ, ಇವು ಅಪರೂಪ. ಆದರೆ ವೈದ್ಯಕೀಯ ವರದಿಗಳಲ್ಲಿ ದಾಖಲಾಗಿವೆ.

ಜಪಾನಿನ ನೀಗಾಟಾ ಪ್ರಾಂತ್ಯದ ನದೀತೀರದ ರೈತರನ್ನು ಕಾಡುತ್ತಿದ್ದ ಈ ಜ್ವರವನ್ನು 1878ರಲ್ಲಿ ವೈದ್ಯ ಥಿಯೊಬಾಲ್ಡ್ ಪಾಮ್ ಪಾಶ್ಚಾತ್ಯ ಓದುಗರಿಗೆ ವಿವರಿಸಿದರು. ಎರಡನೆಯ ಮಹಾಯುದ್ಧದಲ್ಲಿ ಅಸ್ಸಾಂ, ಬರ್ಮಾ ಕಾಡುಗಳಲ್ಲಿ ಸಾವಿರಾರು ಸೈನಿಕರು ಇದಕ್ಕೆ ತುತ್ತಾದರು. ಆಗ ಮದ್ದೇ ಇರಲಿಲ್ಲ. 1948ರಲ್ಲಿ ಕ್ವಾಲಾಲಂಪುರದಲ್ಲಿ ಕ್ಲೋರಾಂಫೆನಿಕಾಲ್ ಎಂಬ ಪ್ರತಿಜೀವಕ ಫಲ ಕೊಟ್ಟಿತು. ಮದ್ದು ಸಿಕ್ಕಿದ ಮೇಲೆ ರೋಗದ ನೆನಪೇ ಮಾಸಿತು. ಅದರ ಬೆಲೆ ಭಾರತ ತೆತ್ತಿದೆ.

ಪೂರ್ವ ಉತ್ತರ ಪ್ರದೇಶದ ಗೋರಖಪುರ ಸುತ್ತ ಪ್ರತಿ ಮಳೆಗಾಲ ಮಕ್ಕಳು ಮಿದುಳುಜ್ವರದಿಂದ ಸಾಯುತ್ತಿದ್ದರು. 2005ರಲ್ಲಿ ಸಾವಿರಕ್ಕೂ ಹೆಚ್ಚು ಜೀವ ಹೋದವು. ಸೊಳ್ಳೆಯಿಂದ ಹರಡುವ ಜಪಾನೀಸ್ ಎನ್‌ಸೆಫಲೈಟಿಸ್ ಎಂಬ ಮಿದುಳುಜ್ವರವೆಂದು ಲಸಿಕೆ ಹಾಕಲಾಯಿತು. ಆ ರೋಗ ತಗ್ಗಿತು, ಸಾವು ಮಾತ್ರ ನಿಲ್ಲಲಿಲ್ಲ. ಹತ್ತು ವರ್ಷದ ನಂತರ ಪರೀಕ್ಷಿಸಿದಾಗ ಅಂಥ ಮಕ್ಕಳಲ್ಲಿ ಅರ್ಧಕ್ಕೂ ಹೆಚ್ಚಿನವರಲ್ಲಿ ಸ್ಕ್ರಬ್ ಟೈಫಸ್‌ನ ಕುರುಹು ಕಂಡಿತು. ಅಗ್ಗದ ಮಾತ್ರೆಗೆ ಬಗ್ಗುವ ರೋಗಕ್ಕೆ ಇಷ್ಟು ಮಕ್ಕಳು ಬಲಿಯಾದದ್ದನ್ನು ಸಹಿಸುವುದು ಕಷ್ಟ.

ಸುಳಿವು ಹಲವು ಬಾರಿ ಮೈಮೇಲೆಯೇ ಇರುತ್ತದೆ: ನುಸಿ ಕಚ್ಚಿದ ಜಾಗದಲ್ಲಿ ಸಿಗರೇಟಿನಿಂದ ಸುಟ್ಟಂತೆ ಕಾಣುವ ಕಪ್ಪು ಹಕ್ಕಳೆ, ಸುತ್ತ ಕೆಂಪು ಅಂಚು. ನೋವಿಲ್ಲ, ಹೆಚ್ಚಾಗಿ ತುರಿಕೆಯೂ ಇಲ್ಲ. ಕಂಕುಳು, ತೊಡೆಸಂದು, ಸ್ತನದ ಕೆಳಗೆ, ಕಿವಿಯ ಹಿಂದೆ ಅಡಗಿರುವುದರಿಂದ ರೋಗಿಗೇ ತಿಳಿದಿರುವುದಿಲ್ಲ. ಬಟ್ಟೆ ಸರಿಸಿ ನೋಡಿದ ವೈದ್ಯರಿಗೆ ಮಾತ್ರ ಸಿಗುತ್ತದೆ. ಎಲ್ಲರಲ್ಲೂ ಅದು ಮೂಡುವುದಿಲ್ಲ, ಹಾಗಾಗಿ ಇಲ್ಲವೆಂದ ಮಾತ್ರಕ್ಕೆ ರೋಗವನ್ನು ತಳ್ಳಿಹಾಕುವಂತಿಲ್ಲ.

ಪೆನಿಸಿಲಿನ್ ಬಳಗದ ಔಷಧಗಳು ಇದಕ್ಕೆ ನಾಟುವುದಿಲ್ಲ. ಡಾಕ್ಸಿಸೈಕ್ಲಿನ್ ಅಥವಾ ಅಜಿತ್ರೊಮೈಸಿನ್ ಬೇಕು. ತೀವ್ರ ರೋಗಿಗಳಿಗೆ ಇವೆರಡನ್ನೂ ಒಟ್ಟಿಗೆ ರಕ್ತನಾಳದ ಮೂಲಕ ಕೊಡುವುದೇ ಮೇಲು ಎಂದು ಭಾರತದ ಆಸ್ಪತ್ರೆಗಳಲ್ಲಿ ನಡೆದ, 2023ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ.