ಇಂಡೋನೇಷ್ಯಾದ ಹಲಾಲ್ ನಿಯಮ ಇಷ್ಟು ಕಗ್ಗಂಟಾದದ್ದು ಹೇಗೆ?

ಹೊರದೇಶದಿಂದ ಬರುವ ಆಹಾರಕ್ಕೆ ಹಲಾಲ್ ಪ್ರಮಾಣಪತ್ರ ಕಡ್ಡಾಯಗೊಳಿಸಲು ಇಂಡೋನೇಷ್ಯಾ ಇಟ್ಟಿರುವ ಕೊನೆಯ ಗಡುವು 2026ರ ಅಕ್ಟೋಬರ್ 17. ಮಾಂಸದ ರಫ್ತುದಾರರಿಗೆ ಈ ಪತ್ರ ಹಳೆಯದು. ತಲೆಕೆಡಿಸಿಕೊಳ್ಳಬೇಕಾಗಿರುವುದು ಬಿಸ್ಕತ್ತು, ಚಾಕೊಲೇಟ್, ಮಸಾಲೆಪುಡಿಯವರು.

1970ರ ದಶಕದಲ್ಲಿ ಮಲೇಷ್ಯಾ ಹಲಾಲ್ ಪತ್ರ ಕೊಡತೊಡಗಿತು. 1979ರ ಕ್ರಾಂತಿಯ ನಂತರ ಇರಾನ್‌ಗೆ ಕುರಿಮಾಂಸ ಕಳಿಸಲು ನ್ಯೂಜಿಲೆಂಡ್ ತನ್ನ ವಧೆಯ ಕ್ರಮವನ್ನೇ ಬದಲಿಸಿಕೊಂಡಿತು. 1997ರಲ್ಲಿ ಅಂತಾರಾಷ್ಟ್ರೀಯ ಆಹಾರ ಮಾನದಂಡ ಸಂಸ್ಥೆ ಕೋಡೆಕ್ಸ್‌ನ ಹಲಾಲ್ ಮಾರ್ಗಸೂಚಿ ಬಂತು.

ಇಂಡೋನೇಷ್ಯಾದ ದಾರಿ ಬೇರೆ. ಅಲ್ಲಿ ಎಲ್ಲ ಶುರುವಾದದ್ದು ಪೊಟ್ಟಣದ ತಿಂಡಿಯಿಂದ. 1988ರಲ್ಲಿ ಹಲವು ಸಿದ್ಧ ಆಹಾರಗಳಲ್ಲಿ ಹಂದಿಯ ಅಂಶವಿದೆಯೆಂಬ ವರದಿ ಹಬ್ಬಿ ಮಾರಾಟ ಕುಸಿಯಿತು. ಮರುವರ್ಷವೇ ಮುಸ್ಲಿಂ ಧರ್ಮವಿದ್ವಾಂಸರ ಸಂಘಟನೆಯಾದ ಉಲೇಮಾ ಮಂಡಳಿ ಪರೀಕ್ಷಾ ಸಂಸ್ಥೆಯೊಂದನ್ನು ಕಟ್ಟಿತು. 2001ರ ಅಜಿನೊಮೊಟೊ (ರುಚಿ ಹೆಚ್ಚಿಸುವ ಪುಡಿ) ಪ್ರಕರಣ ಪ್ರಶ್ನೆಯನ್ನು ಇನ್ನೂ ಆಳಕ್ಕೆ ಒಯ್ದಿತು. ಅಂಗಡಿಗೆ ಬಂದ ಪುಡಿಯಲ್ಲಿ ಹಂದಿಯ ಅಂಶ ಇರಲಿಲ್ಲ. ಆದರೆ ಅದನ್ನು ತಯಾರಿಸುವ ಬ್ಯಾಕ್ಟೀರಿಯಾ ಬೆಳೆಸಲು ಬಳಸಿದ ಸೋಯಾ ಪೋಷಕವನ್ನು ಹಂದಿಯ ಕಿಣ್ವದಿಂದ ವಿಭಜಿಸಲಾಗಿತ್ತು. ಅಧ್ಯಕ್ಷ ಅಬ್ದುರ್ರಹಮಾನ್ ವಾಹಿದ್ ಹಲಾಲ್ ಎಂದರು, ಉಲೇಮಾ ಮಂಡಳಿ ಹರಾಮ್ (ನಿಷಿದ್ಧ) ಎಂದಿತು. ಸರಕನ್ನು ಮಾರುಕಟ್ಟೆಯಿಂದ ವಾಪಸು ತೆಗೆಯಲಾಯಿತು. ಕೊನೆಯ ಉತ್ಪನ್ನವನ್ನಷ್ಟೇ ಲ್ಯಾಬಿಗೆ ಕಳಿಸಿದರೆ ಸಾಲದು ಎಂಬುದು ಅಲ್ಲಿಂದಾಚೆ ಇತ್ಯರ್ಥವಾಯಿತು.

ಸ್ವಇಚ್ಛೆಯ ಪತ್ರವನ್ನು ಕಡ್ಡಾಯ ಮಾಡಿದ್ದು 2014ರ 33ನೇ ಕಾಯ್ದೆ. ಹಲಾಲ್ ಅಲ್ಲದ್ದನ್ನು ಅದು ನಿಷೇಧಿಸಿಲ್ಲ; ಹಲಾಲ್ ಅಲ್ಲ ಎಂದು ಪೊಟ್ಟಣದ ಮೇಲೆ ಬರೆದು ಮಾರಬಹುದು. ಚರ್ಚೆಗಳಲ್ಲಿ ಈ ಮಾತು ಬಿಟ್ಟುಹೋಗುವುದೇ ಹೆಚ್ಚು.

ಕಾರ್ಖಾನೆಯಲ್ಲಿ ಎಡವುವುದು ಚಿಕ್ಕಪುಟ್ಟ ಪದಾರ್ಥಗಳಲ್ಲಿ. ಇ471 ಎಂಬ ಎಮಲ್ಸಿಫೈಯರ್ (ಎಣ್ಣೆ-ನೀರನ್ನು ಬೆರೆಸಿ ಹಿಡಿಯುವ ಪದಾರ್ಥ) ತಾಳೆಎಣ್ಣೆಯಿಂದಲೂ ಬರುತ್ತದೆ, ಪ್ರಾಣಿಕೊಬ್ಬಿನಿಂದಲೂ ಬರುತ್ತದೆ, ಸಂಖ್ಯೆ ಒಂದೇ. ಹಾಗಾಗಿ ಮೂಲ ಯಾವುದೆಂದು ಪೂರೈಕೆದಾರರಿಂದ ಬರವಣಿಗೆಯಲ್ಲೇ ಪಡೆಯಬೇಕು. ಜೆಲಾಟಿನ್, ಚೀಸ್‌ಗೆ ಹಾಲು ಒಡೆಸುವ ಕಿಣ್ವ ರೆನೆಟ್, ಆಲ್ಕೋಹಾಲಿನಲ್ಲಿ ಕರಗಿಸಿದ ಫ್ಲೇವರ್ ಎಲ್ಲಕ್ಕೂ ಇದೇ ಪಾಡು. ಅರ್ಧದಲ್ಲಿ ಪೂರೈಕೆದಾರ ಬದಲಾದರೆ ಕಡತವೂ ಬದಲಾಗಬೇಕು.

ಅಷ್ಟೆಲ್ಲ ಮಾಡಿದರೂ, ಪತ್ರ ಕೊಟ್ಟ ಸಂಸ್ಥೆಗೆ ಇಂಡೋನೇಷ್ಯಾದ ಸರ್ಕಾರಿ ಹಲಾಲ್ ಸಂಸ್ಥೆ ಬಿಪಿಜೆಪಿಎಚ್‌ನ ಮಾನ್ಯತೆ ಇರಲೇಬೇಕು. ಆಮೇಲೆ ಅಲ್ಲಿನ ಆಮದುದಾರ ಆ ಪತ್ರವನ್ನು ನೋಂದಾಯಿಸಬೇಕು. ಮಲೇಷ್ಯಾದ ಇಸ್ಲಾಮಿಕ್ ಅಭಿವೃದ್ಧಿ ಇಲಾಖೆ ಜಾಕಿಮ್ ಇಟ್ಟುಕೊಂಡಿರುವ ಮಾನ್ಯತೆಯ ಪಟ್ಟಿ ಬೇರೆ, ಕೊಲ್ಲಿ ದೇಶಗಳದ್ದು ಬೇರೆ. ಒಂದೇ ಕಾರ್ಖಾನೆ, ಒಂದೇ ಬಿಸ್ಕತ್ತು, ಎರಡೆರಡು ತಪಾಸಣೆ. ಧರ್ಮದ ನಿಯಮ ಪಾಲಿಸುವುದಕ್ಕಿಂತ ಈ ಪುನರಾವರ್ತನೆಯೇ ಸಣ್ಣ ಘಟಕಗಳ ಸೊಂಟ ಮುರಿಯುತ್ತದೆ. ಭಾರತ 2023ರಲ್ಲಿ ಹಲಾಲ್ ರಫ್ತಿಗೆ ತಂದ ಸರ್ಕಾರಿ ಚೌಕಟ್ಟು ಮಾಂಸ ಮತ್ತು ಮಾಂಸೋತ್ಪನ್ನಗಳಿಗೆ ಸೀಮಿತ. ಬಿಸ್ಕತ್ತು, ಮಸಾಲೆಯವರು ಆರ್ಡರ್ ಒಪ್ಪುವ ಮೊದಲೇ ಬಿಪಿಜೆಪಿಎಚ್ ಪಟ್ಟಿಯಲ್ಲಿ ತಮಗೆ ಪತ್ರ ಕೊಡುವ ಸಂಸ್ಥೆಯ ಹೆಸರನ್ನೂ, ತಮ್ಮ ಸರಕಿನ ವರ್ಗ ಆ ಮಾನ್ಯತೆಯೊಳಗೆ ಬರುತ್ತದೆಯೇ ಎಂಬುದನ್ನೂ ನೋಡಿಕೊಳ್ಳಬೇಕು.